ನಸುಕಿನಲ್ಲೇ ಎಬ್ಬಿಸುವ ಬೆಕ್ಕಿಗೆ ಏನು ಮಾಡಬೇಕು

ಧನುರ್ಮಾಸ ಮುಗಿದು ಸಂಕ್ರಾಂತಿ ಕಳೆದರೆ ನನಗೆ ಮತ್ತೆ ಆರು ಗಂಟೆವರೆಗೆ ಮಲಗುವ ಆಸೆ. ಎರಡು ವರ್ಷದ ಹಿಂದೆ ನಮ್ಮ ಚುಕ್ಕಿ ಅದಕ್ಕೆ ಬಿಡಲಿಲ್ಲ. ಎಳ್ಳು ಬೀರಿದ ಮಾರನೇ ದಿನವೂ ನಾಲ್ಕೂವರೆಗೆ ಸರಿಯಾಗಿ ಎದೆ ಮೇಲೆ ಬಂದು ನಿಂತಿತು. ಮೊದಲು ನನ್ನ ಮೂಗಿನ ಹತ್ತಿರ ಮೂಸಿತು. ಆಮೇಲೆ ಉಗುರು ಒಳಗಿಟ್ಟುಕೊಂಡು ಮುಂಗಾಲನ್ನು ಮೆಲ್ಲಗೆ ಕೆನ್ನೆಗೆ ಒತ್ತಿತು. ನಾನು ಕಣ್ಣು ಬಿಡಲಿಲ್ಲ. ಆಗ ಪಕ್ಕದ ಸ್ಟೂಲ್ ಹತ್ತಿ, ನನ್ನ ಮುಖ ನೋಡಿಕೊಂಡೇ, ಕನ್ನಡಕವನ್ನು ಸ್ವಲ್ಪ ಸ್ವಲ್ಪವೇ ತಳ್ಳಿ ನೆಲಕ್ಕೆ ಬೀಳಿಸಿತು. ನಾನು ಎದ್ದು ಬಟ್ಟಲಿಗೆ ಊಟ ಹಾಕಿದೆ. ತಪ್ಪು ಆಗಿದ್ದು ಅಲ್ಲೇ.

ಮೊನ್ನೆ ಚಿಂತಾಮಣಿಯಿಂದ ನನ್ನ ತಂಗಿ ಮಗಳು ಫೋನ್ ಮಾಡಿದ್ದಳು. ಅವಳು ಶಾಲೆಯಲ್ಲಿ ಪಾಠ ಮಾಡುತ್ತಾಳೆ. "ದೊಡ್ಡಮ್ಮ, ನಾಲ್ಕು ಗಂಟೆಗೇ ಎಬ್ಬಿಸುತ್ತೆ, ತರಗತಿಯಲ್ಲಿ ತೂಕಡಿಕೆ ಬರುತ್ತೆ, ಬೆಕ್ಕನ್ನ ಯಾರಿಗಾದರೂ ಕೊಟ್ಟುಬಿಡಲಾ?" ಅಂದಳು. ಕೊಡಬೇಡ, ಒಂದು ತಿಂಗಳು ನಾನು ಹೇಳಿದ ಹಾಗೆ ಮಾಡು ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕಷ್ಟದಲ್ಲಿ ಇರುವವರು ಇನ್ನೂ ಜನ ಇದ್ದಾರೆ ಅಂತ ನನಗೆ ಗೊತ್ತು.

ನಮ್ಮದು ಶಿಡ್ಲಘಟ್ಟದ ಪಕ್ಕದ ಊರು. ಮನೆಯಲ್ಲಿ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದ್ದೇವೆ. ಹುಳು ಮನೆ ಅಂದ ಮೇಲೆ ಇಲಿ ಕಾಟ ಇದ್ದೇ ಇರುತ್ತದೆ. ಹುಳವನ್ನೂ ತಿನ್ನುತ್ತವೆ, ಗೂಡನ್ನೂ ಕಡಿದು ಹಾಕುತ್ತವೆ. ಅದಕ್ಕೇ ನಮ್ಮಲ್ಲಿ ಬೆಕ್ಕು ಇಲ್ಲದ ವರ್ಷವೇ ಇಲ್ಲ. ಆದರೆ ಬೆಕ್ಕು ಬೇಗ ಎಬ್ಬಿಸುತ್ತದೆ ಅಂತ ಆಗ ಯಾರೂ ಗೊಣಗಿದ್ದಿಲ್ಲ. ಕೊನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳಕ್ಕೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಬಿಸಿಲು ಏರುವ ಮುಂಚೆ ಸೊಪ್ಪು ಕೊಯ್ದು ತರಬೇಕು. ಕತ್ತಲಿರುವಾಗಲೇ ಮನೆಯವರೆಲ್ಲ ಎದ್ದಿರುತ್ತಿದ್ದೆವು, ಬೆಕ್ಕೂ ಎದ್ದಿರುತ್ತಿತ್ತು. ಈಗ ಹುಳ ಇಲ್ಲ. ನಮ್ಮ ದಿನಚರಿ ಬದಲಾಯಿತು, ಬೆಕ್ಕಿನದು ಬದಲಾಗಲಿಲ್ಲ.

ಬೆಕ್ಕು ಹುಟ್ಟಿದ್ದೇ ಹಾಗೆ. ಅದು ಪೂರ್ತಿ ರಾತ್ರಿಯ ಪ್ರಾಣಿಯೂ ಅಲ್ಲ, ಹಗಲಿನದೂ ಅಲ್ಲ. ಸಂಜೆ ಮಬ್ಬು, ಬೆಳಗಿನ ಮಬ್ಬು, ಈ ಎರಡು ಹೊತ್ತಿನಲ್ಲಿ ಅದಕ್ಕೆ ಚುರುಕು ಜಾಸ್ತಿ. ಇಲಿ, ಹಕ್ಕಿ ಓಡಾಡುವ ಹೊತ್ತೂ ಅದೇ ಅಲ್ವಾ? ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಮಲಗಿ ಶಕ್ತಿ ಉಳಿಸಿಕೊಂಡಿರುತ್ತದೆ. ಮಸೀದಿಯ ಬಾಂಗು, ದೇವಸ್ಥಾನದ ಸುಪ್ರಭಾತ, ಡೇರಿಗೆ ಹಾಲು ಹಾಕಲು ಹೊರಟವರ ಬೈಕು, ಕಾಗೆ ಕೂಗು, ಎಲ್ಲವೂ ಅದನ್ನು ಎಬ್ಬಿಸುತ್ತವೆ. ಎದ್ದದ್ದು ತಪ್ಪಲ್ಲ. ನಮ್ಮನ್ನು ಎಬ್ಬಿಸುವುದನ್ನು ಮಾತ್ರ ಅದು ಕಲಿತದ್ದು. ಕಲಿಸಿದವರು ನಾವು. ಧನುರ್ಮಾಸದ ಒಂದು ತಿಂಗಳು ನಾನು ನಾಲ್ಕೂವರೆಗೆ ಎದ್ದು ಮೊದಲು ಚುಕ್ಕಿಯ ಬಟ್ಟಲಿಗೆ ಊಟ ಹಾಕಿ, ಆಮೇಲೆ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುತ್ತಿದ್ದೆ. ಅಜ್ಜಿ ಎದ್ದರೆ ಬಟ್ಟಲು ತುಂಬುತ್ತದೆ ಅಂತ ಅದು ತಿಳಿದುಕೊಂಡಿತು. ಹಾಗಾದರೆ ಅಜ್ಜಿಯನ್ನು ಎಬ್ಬಿಸಿದರಾಯಿತು.

ಆದ್ದರಿಂದ ಮೊದಲು ಬಿಡಿಸಬೇಕಾದದ್ದು ಆ ಗಂಟನ್ನು. ನೀವು ಏಳುವುದಕ್ಕೂ ಅದರ ಊಟಕ್ಕೂ ಸಂಬಂಧ ಇರಬಾರದು. ಎದ್ದ ತಕ್ಷಣ ಬಟ್ಟಲು ಮುಟ್ಟಲೇಬೇಡಿ. ಮುಖ ತೊಳೆಯಿರಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಡಿ, ಕಾಫಿ ಕುಡಿಯಿರಿ. ಅರ್ಧ ಮುಕ್ಕಾಲು ಗಂಟೆ ಹೋಗಲಿ. ಆಮೇಲೆ, ಬೆಕ್ಕು ಸುಮ್ನೆ ಕೂತಿರುವಾಗ ನೋಡಿ ಹಾಕಿ. ಕಾಲಿಗೆ ಸುತ್ತಿಕೊಂಡು ಕೂಗುವಾಗ ಹಾಕಿದರೆ ಕೂಗಿಗೆ ಕೂಲಿ ಕೊಟ್ಟ ಹಾಗೆ. ಈಗಾಗಲೇ ನಾಲ್ಕೂವರೆಗೆ ಹಾಕುವ ಅಭ್ಯಾಸ ಆಗಿದ್ದರೆ ಒಂದೇ ಸಲ ಏಳು ಗಂಟೆಗೆ ತಳ್ಳಬೇಡಿ. ಎರಡು ದಿನಕ್ಕೊಮ್ಮೆ ಹತ್ತು ಹತ್ತು ನಿಮಿಷ ಮುಂದಕ್ಕೆ ಹಾಕುತ್ತಾ ಹೋಗಿ. ಒಂದು ತಿಂಗಳೊಳಗೆ ಎರಡು ಗಂಟೆ ಮುಂದಕ್ಕೆ ಹೋಗಿರುತ್ತದೆ. ಬೆಕ್ಕಿಗೂ ಹಿಂಸೆ ಇಲ್ಲ.

ಎರಡನೆಯದು ರಾತ್ರಿಯ ಊಟ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಂಜೆ ಆರಕ್ಕೆ ಹಾಕಿಬಿಟ್ಟರೆ ಬೆಳಗಿನ ನಾಲ್ಕಕ್ಕೆ ಹತ್ತು ಗಂಟೆ ಆಯಿತು. ಬೆಕ್ಕು ಎಮ್ಮೆಯ ಹಾಗೆ ಒಮ್ಮೆ ಹೊಟ್ಟೆ ತುಂಬ ತಿಂದು ಮೆಲುಕು ಹಾಕುತ್ತಾ ಕೂರುವ ಪ್ರಾಣಿ ಅಲ್ಲ. ಬಿಟ್ಟರೆ ದಿನಕ್ಕೆ ಹತ್ತು ಸಲ ಚೂರು ಚೂರು ತಿನ್ನುತ್ತದೆ. ಅದಕ್ಕೆ ಹತ್ತು ಗಂಟೆ ದೊಡ್ಡ ಉಪವಾಸ. ಅದರ ದಿನದ ಪಾಲನ್ನೇ ಭಾಗ ಮಾಡಿ. ದೊಡ್ಡ ಭಾಗವನ್ನು ನೀವು ಮಲಗುವ ಮುಂಚೆ, ಹತ್ತು ಗಂಟೆಯ ಹೊತ್ತಿಗೆ ಹಾಕಿ. ಹೆಚ್ಚು ಹಾಕಿ ಅಂತ ಅಲ್ಲ. ನಾಲ್ಕು ಕೆಜಿ ತೂಗುವ ಬೆಕ್ಕಿಗೆ ಒಣ ಕಾಳಿನಂಥ ಪ್ಯಾಕೆಟ್ ಆಹಾರವಾದರೆ ದಿನಕ್ಕೆ ಸುಮಾರು 50–60 ಗ್ರಾಂ ಸಾಕಾಗುತ್ತದೆ. ಮನೆ ಊಟವಾದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ, ಸಾರಿನ ಅನ್ನ ಹಾಕಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಾಂಸ ಮಾಡದ ಮನೆಗಳಲ್ಲಿ ಹಾಲು ಅನ್ನ, ಮೊಸರನ್ನದ ಮೇಲೇ ಬೆಕ್ಕು ಸಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಬೆಕ್ಕಿಗೆ ಅದು ಸಾಲುವುದಿಲ್ಲ. ಟಾರಿನ್ ಅನ್ನುವ ಸತ್ವ ಮಾಂಸದಲ್ಲಿ ಮಾತ್ರ ಸಾಕಷ್ಟು ಇರುತ್ತದೆ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಅನ್ನ ತಿಂದ ಬೆಕ್ಕಿಗೆ ಹಸಿವೂ ಬೇಗ ಆಗುತ್ತದೆ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಮನೆಯಲ್ಲಿ ಮಾಂಸ ಬೇಡ ಅನ್ನುವವರು ಬೆಕ್ಕಿನ ಪ್ಯಾಕೆಟ್ ಆಹಾರವನ್ನಾದರೂ ತನ್ನಿ.

ಊಟಕ್ಕೆ ಮುಂಚೆ ಆಟ ಆಡಿಸಬೇಕು. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ. ಬೆಕ್ಕಿಗೆ ಒಂದು ಕ್ರಮ ಇದೆ. ಹೊಂಚು ಹಾಕುತ್ತದೆ, ಹಿಡಿಯುತ್ತದೆ, ತಿನ್ನುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ಮಲಗುತ್ತದೆ. ಈ ಕ್ರಮವನ್ನು ರಾತ್ರಿ ಹತ್ತಕ್ಕೆ ತಂದರೆ ನಿದ್ದೆ ತಾನಾಗಿ ಬರುತ್ತದೆ. ನಾನು ಒಂದು ಹಿಪ್ಪುನೇರಳೆ ಕಡ್ಡಿಗೆ ಗಟ್ಟಿ ಹುರಿ ಕಟ್ಟಿ, ತುದಿಗೆ ಕಾಗದದ ಉಂಡೆ ಸಿಕ್ಕಿಸಿದ್ದೇನೆ. ಹಜಾರದಲ್ಲಿ ಕುರ್ಚಿ ಮೇಲೆ ಕೂತೇ ಆಡಿಸುತ್ತೇನೆ. ಮುಖದ ಮುಂದೆ ಅಲ್ಲಾಡಿಸಿದರೆ ಪ್ರಯೋಜನ ಇಲ್ಲ, ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಬಂದು ಬೀಳುವುದಿಲ್ಲ. ಗೋಡೆ ಬುಡದಲ್ಲಿ ನಿಧಾನ ಎಳೆದು, ಬಾಗಿಲ ಹಿಂದೆ ಮರೆ ಮಾಡಿ, ಒಂದು ಗಳಿಗೆ ನಿಲ್ಲಿಸಬೇಕು. ಆಗ ಚುಕ್ಕಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಕಿವಿ ಮುಂದಕ್ಕೆ ಬರುತ್ತದೆ, ಹಿಂಗಾಲು ಎರಡೂ ಒಂದಾದ ಮೇಲೆ ಒಂದು ತುಳಿಯುತ್ತವೆ, ಸೊಂಟ ಅಲುಗುತ್ತದೆ, ಆಮೇಲೆ ಹಾರುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ನಡುನಡುವೆ ಹಿಡಿಯಲು ಬಿಡಿ, ಬರೀ ಓಡಿಸಿದರೆ ಅದಕ್ಕೆ ಬೇಸರ. ಕೊನೆಗೆ ಹಿಡಿದುಕೊಂಡಾಗ ಬಟ್ಟಲು ಇಡಿ.

ಆಟ ಮುಗಿದ ಮೇಲೆ ಕಡ್ಡಿಯನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ. ದಾರ ಎಲ್ಲೂ ಬಿದ್ದಿರಬಾರದು. ನಮ್ಮ ಕಡೆ ನೂಲು ಬಿಚ್ಚುವ ಮನೆಗಳಲ್ಲಿ ರೇಷ್ಮೆ ಎಳೆ ನೆಲದ ತುಂಬ ಇರುತ್ತದೆ. ಪಕ್ಕದ ಬೀದಿಯ ಮರಿಯೊಂದು ಎಳೆ ನುಂಗಿ, ತುದಿ ಬಾಯಿಂದ ನೇತಾಡುತ್ತಿತ್ತು. ಮನೆಯವರು ಗೊತ್ತಿಲ್ಲದೆ ಜೋರಾಗಿ ಎಳೆದರು. ಮರಿ ಉಳಿಯಲಿಲ್ಲ. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳು ಒಳಮುಖವಾಗಿರುತ್ತವೆ, ದಾರ ಒಮ್ಮೆ ಬಾಯಿಗೆ ಹೋದರೆ ಉಗುಳುವುದು ಕಷ್ಟ. ಹೊಟ್ಟೆಗೆ ಹೋದ ದಾರ ಕರುಳನ್ನು ನೆರಿಗೆ ಹಿಡಿದ ಹಾಗೆ ಸುಕ್ಕಿಸಿ ಕೊಯ್ಯುತ್ತದೆ. ಹಾಗೆ ನೇತಾಡುತ್ತಿದ್ದರೆ ಎಳೆಯಬೇಡಿ, ಪಶುವೈದ್ಯರ ಹತ್ತಿರ ಓಡಿ.

ಇಷ್ಟು ಮಾಡಿದರೂ ಬೆಳಗಿನ ಕೂಗು ತಕ್ಷಣ ನಿಲ್ಲುವುದಿಲ್ಲ. ಮೊದಲು ಜಾಸ್ತಿಯೇ ಆಗುತ್ತದೆ. ಇದನ್ನು ಮುಂಚೆಯೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಕೈಚೆಲ್ಲುತ್ತೀರಿ. ನಿನ್ನೆವರೆಗೆ ಫಲ ಕೊಟ್ಟ ಕೆಲಸ ಇವತ್ತು ಕೊಡದಿದ್ದರೆ ಯಾರಾದರೂ ಇನ್ನೂ ಜೋರಾಗಿ ಮಾಡಿ ನೋಡುತ್ತಾರೆ. ಚುಕ್ಕಿ ಐದನೇ ದಿನ ಮಂಚದ ಕಾಲು ಕೆರೆದು, ಬೀರು ಹತ್ತಿ, ಅಲ್ಲಿಂದ ನನ್ನ ಹೊಟ್ಟೆ ಮೇಲೆ ಹಾರಿತ್ತು. ನಾನು ಹೊದಿಕೆ ಮುಖಕ್ಕೆ ಎಳೆದುಕೊಂಡು ಮಲಗಿಯೇ ಇದ್ದೆ. ಮಾತಾಡಲಿಲ್ಲ, ಕಣ್ಣು ಬಿಡಲಿಲ್ಲ, "ಹೋಗೇ" ಅಂತ ಬೈಯಲೂ ಇಲ್ಲ. ಬೈದರೂ ಅದಕ್ಕೆ ಅಜ್ಜಿ ಎಚ್ಚರ ಇದ್ದಾಳೆ ಅಂತ ಗೊತ್ತಾಗುತ್ತದೆ. ಮೂರು ದಿನ ತಡೆದುಕೊಂಡು ನಾಲ್ಕನೇ ದಿನ ಎದ್ದು ಹಾಕಿದರೆ ಮೊದಲಿಗಿಂತ ಕೆಟ್ಟದು, ಸಾಕಷ್ಟು ಹೊತ್ತು ಹಠ ಹಿಡಿದರೆ ಸಿಗುತ್ತದೆ ಅಂತ ಅದು ಕಲಿಯುತ್ತದೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ನಮ್ಮಲ್ಲಿ ಯಜಮಾನರು ಪಾಪ ಅಂತ ಕತ್ತಲಲ್ಲಿ ಬಿಸ್ಕತ್ತು ಕೊಡುತ್ತಿದ್ದರು. ಅದು ನಿಂತ ಮೇಲೆಯೇ ದಾರಿಗೆ ಬಂತು.

ಹೊಡೆಯುವುದು, ನೀರು ಎರಚುವುದು ಬೇಡವೇ ಬೇಡ. ಬೆಕ್ಕಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಅಭ್ಯಾಸ ಹೋಗುವುದಿಲ್ಲ.

ಕೋಣೆ ಬಾಗಿಲು ಹಾಕಿಕೊಂಡು ಮಲಗುವವರು ಬೆಕ್ಕಿಗೆ ಹೊರಗೆ ನೀರು, ಹಾಸಿಗೆ, ಮಲಮೂತ್ರಕ್ಕೆ ಶುಚಿಯಾದ ಮಣ್ಣು ತುಂಬಿದ ಟ್ರೇ ಇಟ್ಟಿರಬೇಕು. ಟ್ರೇ ಗಲೀಜಾಗಿದ್ದರೂ ಬೆಕ್ಕು ಎಬ್ಬಿಸುತ್ತದೆ, ಅದು ಹಟ ಅಲ್ಲ. ಪೂರ್ವದ ಕಿಟಕಿಗೆ ದಪ್ಪ ಪರದೆ ಹಾಕಿ. ಕೆಲಸಕ್ಕೆ ಹೋಗುವವರಿಗೆ ಗಂಟೆ ಇಟ್ಟರೆ ತಾನೇ ತೆರೆದುಕೊಳ್ಳುವ ಊಟದ ಡಬ್ಬಿ ಸಿಗುತ್ತದೆ. ನನ್ನ ತಂಗಿ ಮಗಳು ಅದನ್ನೇ ತರಿಸಿಕೊಂಡಿದ್ದಾಳೆ. ಬೆಳಗಿನ ಜಾವ ಅವಳ ಬೆಕ್ಕು ಈಗ ಅವಳನ್ನು ಬಿಟ್ಟು ಡಬ್ಬಿಯ ಮುಂದೆ ಕೂರುತ್ತದಂತೆ.

ಇನ್ನು, ಕೂಗು ಹೊಸದಾಗಿ ಶುರುವಾಗಿದ್ದರೆ ಅಭ್ಯಾಸ ಅಂತ ತಳ್ಳಿಹಾಕಬೇಡಿ. ಐದಾರು ತಿಂಗಳ ಹೆಣ್ಣು ಬೆಕ್ಕು ರಾತ್ರಿಯೆಲ್ಲ ಕೂಗಿ ನೆಲದಲ್ಲಿ ಹೊರಳಿದರೆ ಅದು ಬೆದೆಗೆ ಬಂದಿದೆ, ಆಪರೇಷನ್ ಮಾಡಿಸಿ. ಗಂಡಿಗೂ ಮಾಡಿಸಬೇಕು. ಹತ್ತು ವರ್ಷ ದಾಟಿದ ಬೆಕ್ಕು ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಥೈರಾಯ್ಡ್ ಇರಬಹುದು. ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಿದ್ದರೆ ಮೂತ್ರಪಿಂಡ ನೋಡಿಸಬೇಕು. ಕಿವಿ ಮಂದವಾದ ಮುದಿ ಬೆಕ್ಕು ಕತ್ತಲಲ್ಲಿ ಗಾಬರಿಯಾಗಿ ಅರಚುತ್ತದೆ. ಅಂಥದ್ದನ್ನು ಸುಮ್ನೆ ಬಿಟ್ಟು ಮಲಗುವುದು ಅನ್ಯಾಯ. ಅದಕ್ಕೆ ಔಷಧಿ ಬೇಕು, ಮಂದ ದೀಪ ಬೇಕು, ನಿಮ್ಮ ಕೈ ಬೇಕು. ನಮ್ಮ ಹಿಂದಿನ ಬೆಕ್ಕು ಕೊನೆಯ ವರ್ಷ ಹೀಗೇ ಕೂಗುತ್ತಿತ್ತು. ನಾನು ಹಠ ಅಂದುಕೊಂಡು ಎರಡು ತಿಂಗಳು ಕಳೆದೆ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಮೂತ್ರಪಿಂಡ ಬಹಳ ಹಾಳಾಗಿತ್ತು. ಆ ಎರಡು ತಿಂಗಳು ನನಗೆ ಇವತ್ತಿಗೂ ನೋವು.

ಚುಕ್ಕಿಗೆ ಅಭ್ಯಾಸ ಬಿಡಿಸಲು ಮೂರು ವಾರದ ಮೇಲೆ ಹಿಡಿಯಿತು. ಈ ಸಲದ ಧನುರ್ಮಾಸದಲ್ಲೂ ನಾನು ನಾಲ್ಕೂವರೆಗೆ ಎದ್ದೆ. ಅದು ಕಾಲಿಗೆ ಮೈ ಉಜ್ಜಿತು, ತಲೆ ಸವರಿ ಸ್ನಾನಕ್ಕೆ ಹೋದೆ. ದೇವಸ್ಥಾನದಿಂದ ಹುಗ್ಗಿ ಪ್ರಸಾದ ಹಿಡಿದು ಬಂದು, ಕಾಫಿ ಕುಡಿದು, ಏಳು ಗಂಟೆ ಆದ ಮೇಲೆಯೇ ಬಟ್ಟಲಿಗೆ ಊಟ ಹಾಕಿದೆ. ಸಂಕ್ರಾಂತಿಯ ಮಾರನೇ ದಿನ ಎಚ್ಚರವಾದಾಗ ಕಿಟಕಿ ಬೆಳ್ಳಗಾಗಿತ್ತು. ಚುಕ್ಕಿ ನನ್ನ ಕಾಲ ಹತ್ತಿರ ಕಂಬಳಿಯಲ್ಲಿ ಸುತ್ತಿಕೊಂಡು ಇನ್ನೂ ಮಲಗಿತ್ತು.