ಕೇಕಿನ ಮೇಲೆ ಐಸಿಂಗ್ ಎಲೆ: ತುದಿ ಸೀಳದಂತೆ ಬಿಡಿಸುವ ಬಗೆ

ಮನೆಯಲ್ಲಿ ಕೇಕ್ ಅಲಂಕಾರ ಕಲಿಯುವವರು ಗುಲಾಬಿ ಹೂವಿಗಾಗಿ ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ಎಲೆಯ ಸರದಿ ಬಂದಾಗ ಮಾತ್ರ ಹೂವಿಗೆ ಬಳಸಿ ಉಳಿದ ಕ್ರೀಮಿಗೇ ಹಸಿರು ಬಣ್ಣ ಬೆರೆಸಿ ಆತುರದಲ್ಲಿ ಮುಗಿಸಿಬಿಡುತ್ತಾರೆ. ಅಂಥ ಎಲೆಯ ತುದಿ ಹಾವಿನ ನಾಲಗೆಯಂತೆ ಎರಡಾಗಿ ಸೀಳಿಕೊಂಡಾಗ ತಮ್ಮ ಕೈ ಇನ್ನೂ ಪಳಗಿಲ್ಲವೆಂದು ಬೇಸರಪಡುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಕೈಯದಲ್ಲ, ಕ್ರೀಮಿನ ಹದದ್ದು. ಹಿಟ್ಟು ಗಟ್ಟಿಯಾದಾಗ ಚಕ್ಕುಲಿ ಒರಳಿನಿಂದ ಇಳಿಯುತ್ತಲೇ ಹರಿದುಹೋಗುವುದನ್ನು ನೋಡಿದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಬಿಯ ದಳ ನೆಟ್ಟಗೆ ನಿಲ್ಲಬೇಕಾದ್ದರಿಂದ ಅದಕ್ಕೆ ಗಟ್ಟಿ ಕ್ರೀಮು ಬೇಕು. ಎಲೆಯು ಎಳೆದಂತೆ ಚೂಪಾಗಬೇಕಾದ್ದರಿಂದ ಅದಕ್ಕೆ ಮೆತ್ತಗಿನ ಕ್ರೀಮು ಬೇಕು. 100 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬಿಳಿಚಿಕೊಳ್ಳುವವರೆಗೆ ಚೆನ್ನಾಗಿ ನೊರೆಸಿ, ಜರಡಿ ಹಿಡಿದ 200 ಗ್ರಾಂ ಐಸಿಂಗ್ ಶುಗರನ್ನು ಎರಡು ಮೂರು ಕಂತುಗಳಲ್ಲಿ ಬೆರೆಸಿದರೆ ಬಟರ್‌ಕ್ರೀಮ್ ಸಿದ್ಧವಾಗುತ್ತದೆ. ಅದರಿಂದ ನಾಲ್ಕೈದು ಚಮಚದಷ್ಟನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು, ಕೆಲವೇ ಹನಿ ಹಾಲು ಸೇರಿಸುತ್ತಾ, ಚಮಚವನ್ನು ಅದ್ದಿ ಮೇಲಕ್ಕೆತ್ತಿದಾಗ ಮೂಡುವ ಕೊಂಬಿನ ತುದಿ ತಾನಾಗಿಯೇ ಬಾಗುವವರೆಗೆ ಸಡಿಲಗೊಳಿಸಬೇಕು. ಹಾಲಿನ ಬದಲು ಚೂರು ಲಿಕ್ವಿಡ್ ಗ್ಲೂಕೋಸ್ (ಅಂಟಂಟಾದ ಸಕ್ಕರೆ ಪಾಕ) ಬೆರೆಸಿದರೆ ಕ್ರೀಮಿಗೆ ಎಳೆತ ಬಂದು ತುದಿ ಇನ್ನಷ್ಟು ಸಲೀಸಾಗಿ ಚೂಪಾಗುತ್ತದೆ. ಮನೆಯ ಮಿಕ್ಸಿಯಲ್ಲಿ ಸಕ್ಕರೆ ಪುಡಿ ಮಾಡಿಕೊಳ್ಳುವವರು ಜರಡಿ ಹಿಡಿಯುವುದನ್ನು ಯಾವ ಕಾರಣಕ್ಕೂ ಬಿಡಬಾರದು, ಏಕೆಂದರೆ ಒಂದೇ ಒಂದು ಹರಳು ಕ್ರೀಮು ಹೊರಬರುವ ಮೂತಿಯಾದ ನಾಝಲ್‌ನ ಬಾಯಲ್ಲಿ ಸಿಕ್ಕಿಕೊಂಡರೂ ಅಲ್ಲಿಂದ ಮುಂದಿನ ಎಲೆಗಳೆಲ್ಲ ಸೀಳಿಯೇ ಬರುತ್ತವೆ. ವಿಪ್ಪಿಂಗ್ ಕ್ರೀಮ್ ಬಳಸುವವರಾದರೆ ಅದು ಪೂರ್ತಿ ಗಟ್ಟಿಯಾಗುವ ಸ್ವಲ್ಪ ಮೊದಲೇ ಬೀಟರನ್ನು ನಿಲ್ಲಿಸಬೇಕು. ಅತಿಯಾಗಿ ಬೀಟ್ ಮಾಡಿದ ಕ್ರೀಮಿನ ಎಲೆಯ ಅಂಚು ಹರಿದ ಕಾಗದದಂತೆ ಕಾಣುತ್ತದೆ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನಮ್ಮ ಮೈಯ ಬಿಸಿಯೇ 37 ಡಿಗ್ರಿಯಷ್ಟಿರುತ್ತದೆ. ಹೀಗಾಗಿ ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಕುಳಿತು ಬಟರ್‌ಕ್ರೀಮ್ ಎಲೆ ಬಿಡಿಸುವುದು ಸುಮ್ಮನೆ ಹಟವಾದೀತು. ಬೇರೆ ಊರುಗಳಲ್ಲಿಯೂ ಪೈಪಿಂಗ್ ಬ್ಯಾಗಿಗೆ, ಅಂದರೆ ಕ್ರೀಮನ್ನು ಒತ್ತಿ ಬಿಡಿಸುವ ಚೀಲಕ್ಕೆ, ಒಂದು ಹಿಡಿಯಷ್ಟೇ ಕ್ರೀಮು ತುಂಬಿ, ಅದು ಜಿಡ್ಡಾಗಿ ಹೊಳೆಯತೊಡಗಿದ ಕೂಡಲೇ ಹತ್ತು ನಿಮಿಷ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಬಣ್ಣಕ್ಕೆ ಜೆಲ್ ಕಲರನ್ನೇ ಬಳಸಬೇಕು. ನೀರಾದ ಬಣ್ಣವನ್ನು ಹೆಚ್ಚು ಹಾಕಿದಷ್ಟೂ ಹದ ಕೆಡುತ್ತದೆ. ಬಾಟಲಿಯ ಹಸಿರು ಹಾಗೆಯೇ ಪ್ಲಾಸ್ಟಿಕ್ ಎಲೆಯಂತೆ ಕಣ್ಣಿಗೆ ಹೊಡೆಯುವುದರಿಂದ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಕಂದು ಬಣ್ಣವನ್ನು ಸೇರಿಸಿದರೆ ಅದು ತೋಟದ ಹಸಿರಿಗೆ ಹತ್ತಿರವಾಗುತ್ತದೆ. ಬಟರ್‌ಕ್ರೀಮಿನ ಬಣ್ಣ ಹೊತ್ತು ಕಳೆದಂತೆ ಗಾಢವಾಗುತ್ತದೆಯಾದ್ದರಿಂದ ಬೇಕಾದ ಛಾಯೆಗಿಂತ ಸ್ವಲ್ಪ ತಿಳಿಯಾಗಿರುವಾಗಲೇ ನಿಲ್ಲಿಸಬೇಕು.

ಅಂಗಡಿಯಲ್ಲಿ ಎಲೆಯ ನಾಝಲ್ ಕೇಳುವಾಗ ಸಂಖ್ಯೆಯನ್ನು ಹೇಳಿದರೆ ಗೊಂದಲವಿರುವುದಿಲ್ಲ. ಸಣ್ಣ ಎಲೆಗೆ 67, ಸಾಧಾರಣ ಎಲೆಗೆ 352, ದೊಡ್ಡ ಎಲೆಗೆ 366 ಬಳಕೆಯಲ್ಲಿವೆ. ಒಂದನ್ನೇ ಕೊಳ್ಳುವುದಾದರೆ 352 ಸಾಕು. ಪಕ್ಕದಿಂದ ನೋಡಿದರೆ ಅದು ಕೊಕ್ಕು ತೆರೆದ ಹಕ್ಕಿಯಂತೆ ಕಾಣುತ್ತದೆ. ನಾಝಲ್ ಇಲ್ಲದವರು ಬಟರ್ ಪೇಪರನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ಕ್ರೀಮು ತುಂಬಿ, ತುದಿಯನ್ನು ಬೆರಳುಗಳಿಂದ ಚಪ್ಪಟೆ ಮಾಡಿ, ಎರಡೂ ಬದಿಯಿಂದ ಓರೆಯಾಗಿ ಕತ್ತರಿಸಿ ಬಾಣದ ಮೊನೆಯ ಆಕಾರ ಕೊಟ್ಟರೆ ಅದೇ ಕೊಕ್ಕು ಸಿಗುತ್ತದೆ.

ಇನ್ನು ಬಿಡಿಸುವ ಕ್ರಮ. ಕೊಕ್ಕಿನ ಒಂದು ಮೊನೆ ಕೆಳಗೆ ಕೇಕನ್ನು ಮುಟ್ಟುವಂತೆ, ಇನ್ನೊಂದು ಅದರ ನೇರ ಮೇಲೆ ಬರುವಂತೆ, ಸೀಳುಗಳೆರಡೂ ಎಡಬಲಕ್ಕೆ ತೆರೆದುಕೊಳ್ಳುವಂತೆ ಬ್ಯಾಗನ್ನು 45 ಡಿಗ್ರಿ ಓರೆಯಾಗಿ ಹಿಡಿಯಬೇಕು. ಮೊನೆಗಳು ಅಡ್ಡಕ್ಕೆ ತಿರುಗಿದರೆ ಎಲೆ ಮಲಗುವ ಬದಲು ಗೋಡೆಯಂತೆ ಎದ್ದು ನಿಲ್ಲುತ್ತದೆ. ಮೊದಲು ಕೈಯನ್ನು ಕದಲಿಸದೆ ಜೋರಾಗಿ ಒತ್ತಿ, ಎಲೆಯ ಬುಡ ಎರಡೂ ಬದಿಗೆ ಹರಡಿ ಅಗಲವಾಗುವವರೆಗೆ ಕಾಯಬೇಕು. ಬುಡ ಅಗಲವಾದ ಮೇಲೆ ಒತ್ತಡವನ್ನು ಮೆಲ್ಲಮೆಲ್ಲನೆ ಇಳಿಸುತ್ತಾ ಬ್ಯಾಗನ್ನು ತನ್ನ ಕಡೆಗೆ ಎಳೆಯಬೇಕು. ಕೊನೆಯಲ್ಲಿ ಒತ್ತುವುದನ್ನು ಪೂರ್ತಿ ನಿಲ್ಲಿಸಿ, ಅನಂತರವೇ ಸರಕ್ಕನೆ ಎಳೆದು ಬಿಡಿಸಿಕೊಳ್ಳಬೇಕು. ಕಲಿಯುವವರು ಎಡವುವುದು ಇಲ್ಲಿಯೇ: ಒತ್ತುತ್ತಲೇ ಎಳೆದರೆ ತುದಿ ಮೊಂಡಾಗುತ್ತದೆ, ನಿಲ್ಲಿಸಿದ ಮೇಲೂ ತಡವರಿಸಿದರೆ ಬಾಲ ಬೆಳೆಯುತ್ತದೆ. ಪ್ರತಿ ಎಲೆಗೂ ಮೊದಲು ನಾಝಲ್‌ನ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಬೇಸರದ ಕೆಲಸವೇ ಆದರೂ, ಅಂಟಿಕೊಂಡ ಹಳೆಯ ಕ್ರೀಮು ಹೊಸ ಎಲೆಯನ್ನು ಎಳೆದು ಹಾಳುಮಾಡುವುದನ್ನು ಅದು ತಪ್ಪಿಸುತ್ತದೆ. ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಇಪ್ಪತ್ತು ಎಲೆ ಬಿಡಿಸಿ, ಕ್ರೀಮನ್ನು ಕೆರೆದು ಮತ್ತೆ ಬ್ಯಾಗಿಗೆ ತುಂಬಿ ಅಭ್ಯಾಸ ಮಾಡಬಹುದು, ಏನೂ ನಷ್ಟವಿಲ್ಲ.

ಇದು ಕೈಗೆ ಹತ್ತಿದ ಮೇಲೆ ಎಳೆಯುವಾಗ ಬ್ಯಾಗನ್ನು ಹಿಂದೆ ಮುಂದೆ ಸಣ್ಣಗೆ ಅಲುಗಿಸಿದರೆ ಅಂಚು ನೆರಿಗೆಗಟ್ಟಿ ದಾಸವಾಳದ ಎಲೆಯನ್ನು ನೆನಪಿಸುತ್ತದೆ. ಬ್ಯಾಗನ್ನು ನೆಟ್ಟಗೆ 90 ಡಿಗ್ರಿಯಲ್ಲಿ ಹಿಡಿದು ಮೇಲಕ್ಕೆಳೆದರೆ ನಿಂತ ಎಲೆ ಬರುತ್ತದೆ. ಅದು ಕಪ್‌ಕೇಕಿಗೆ ಒಪ್ಪುತ್ತದೆ.

ಎಲೆಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ನನಗೊಂದು ಹಟವಿದೆ. ಹೂವಿನ ಸುತ್ತ ಗಡಿಯಾರದ ಅಂಕಿಗಳಂತೆ ಸಮನಾಗಿ ಎಲೆ ಜೋಡಿಸಿದರೆ ಅದು ಬ್ಯಾಡ್ಜಿನಂತೆ ಕಾಣುತ್ತದೆಯೇ ಹೊರತು ಗಿಡದ ಹೂವಿನಂತಲ್ಲ. ಗುಲಾಬಿ ಗಿಡದ ಒಂದು ತೊಟ್ಟಿನಲ್ಲಿ ಸಾಮಾನ್ಯವಾಗಿ ಐದು ಕಿರುಎಲೆಗಳಿರುತ್ತವೆ. ಕೇಕಿನಲ್ಲಿ ಎರಡು ಅಥವಾ ಮೂರನ್ನು ಒಂದೇ ಕಡೆ ಗುಂಪಾಗಿ ಬಿಡಿಸಿ, ಉಳಿದ ಬದಿಯನ್ನು ಖಾಲಿ ಬಿಟ್ಟರೆ ಕಣ್ಣಿಗೆ ಹಿತವಾಗಿರುತ್ತದೆ. ನಾಝಲ್‌ನ ಬಾಯನ್ನು ದಳದ ಅಡಿಗೆ ತೂರಿಸಿ ಅಲ್ಲಿಂದ ಹೊರಕ್ಕೆ ಎಳೆದರೆ ಬುಡ ಮರೆಯಾಗುವುದಲ್ಲದೆ ಹೂವಿಗೂ ಕೇಕಿಗೂ ನಡುವೆ ಉಳಿದ ಸಂದು ಮುಚ್ಚುತ್ತದೆ.

ಸೀಳಿದ ತುದಿಯನ್ನು ನೀರಿನಲ್ಲಿ ಅದ್ದಿದ ಬೆರಳುಗಳಿಂದ ಮೆಲ್ಲನೆ ಚಿವುಟಿ ಕೂಡಿಸಬಹುದು. ಎಲೆಯೇ ಕೆಟ್ಟಿದ್ದರೆ ಹಸಿಯಾಗಿರುವಾಗ ಕೆರೆಯಲು ಹೋಗಬಾರದು, ಕೇಕಿನ ಮೇಲೆ ಹಸಿರು ಮೆತ್ತಿಕೊಳ್ಳುತ್ತದೆ. ಬಟರ್‌ಕ್ರೀಮಿನ ಕೇಕಾದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದ ಮೇಲೆ, ಗಟ್ಟಿಯಾದ ಆ ಎಲೆ ಚಾಕುವಿನ ಮೊನೆಗೆ ಇಡಿಯಾಗಿ ಎದ್ದು ಬರುತ್ತದೆ.