ಮಕ್ಕಳಿಗೆ ‘ವಾಕಾ ವಾಕಾ’ ಕಲಿಸುವ ಬಗೆ

ಕ್ರೀಡಾ ದಿನಾಚರಣೆ ಬಂತೆಂದರೆ ನಮ್ಮ ಶಾಲೆಯ ಮಕ್ಕಳು ಕೇಳುವ ಹಾಡು ‘ವಾಕಾ ವಾಕಾ’. ಸಂಗೀತ ಶಿಕ್ಷಕಿಯಾಗಿ ಮೊದಲ ವರ್ಷ ಅದನ್ನು ಬರೀ ಬಾಯಿಪಾಠ ಮಾಡಿಸಿದೆ. ಆರನೇ ತರಗತಿಯ ಹುಡುಗಿಯೊಬ್ಬಳು, ‘ಮಿಸ್, ಜಂಗಲೇವಾ ಎಂದರೆ ಕಾಡಾ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಯಾರದೋ ತಾಯ್ನುಡಿಯನ್ನು ಅರ್ಥವಿಲ್ಲದ ಸದ್ದಿನಂತೆ ಕಲಿಸಿಬಿಟ್ಟೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಈಗ ಅರ್ಥದಿಂದಲೇ ಶುರು ಮಾಡುತ್ತೇನೆ. ನೀವೂ ಹಾಗೆಯೇ ಮಾಡಿ.

ಮೊದಲ ದಿನ ಹಾಡಿಸಬೇಡಿ, ಕೇಳಿಸಿ. 2010ರಲ್ಲಿ ದಕ್ಷಿಣ ಆಫ್ರಿಕಾದ ಫುಟ್‌ಬಾಲ್ ವಿಶ್ವಕಪ್‌ಗಾಗಿ ಶಕೀರಾ ಹಾಡಿದ್ದನ್ನು ಆಮೇಲೆ ಹಾಕಿ. ಮೊದಲು ಕ್ಯಾಮರೂನಿನ ಗೋಲ್ಡನ್ ಸೌಂಡ್ಸ್ ತಂಡದ 1986ರ ‘ಜ಼ಂಗಲೇವಾ’ ಕೇಳಲಿ; ಪಲ್ಲವಿ ಬಂದದ್ದು ಅಲ್ಲಿಂದ. ತಂಡದವರು ಅಧ್ಯಕ್ಷರ ರಕ್ಷಣಾ ಪಡೆಯಲ್ಲಿದ್ದವರು. ಸಮವಸ್ತ್ರದೊಳಗೆ ದಿಂಬು ತುರುಕಿ, ಹೊಟ್ಟೆ ಉಬ್ಬಿಸಿಕೊಂಡು ಕುಣಿಯುತ್ತಿದ್ದರು. ಇದನ್ನು ಹೇಳಿದರೆ ಮಕ್ಕಳು ಮತ್ತೆ ಮರೆಯುವುದಿಲ್ಲ. ಅಲ್ಲಿನ ಫಾಂಗ್ ಭಾಷೆಯಲ್ಲಿ ‘ಜ಼ಂಗಲೇವಾ’ ಎಂಬ ಮಾತಿಗೆ ‘ನಿನ್ನನ್ನು ಕಳುಹಿಸಿದವರು ಯಾರು?’ ಎಂಬ ಅರ್ಥ. ‘ತ್ಸಮಿನಾ’ ಎಂದರೆ ಬಾ. ‘ವಾಕಾ’ ಎಂದರೆ ಕ್ಯಾಮರೂನಿನ ಇಂಗ್ಲಿಷ್ ಬೆರಕೆಯ ಆಡುನುಡಿ ಪಿಜಿನ್‌ನಲ್ಲಿ ನಡೆ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ಕರೆಯಲಿ, ಇನ್ನೊಂದು ಪ್ರಶ್ನೆ ಹಾಕಲಿ. ರಾಗ ಬೇಡ, ಚಪ್ಪಾಳೆ ಸಾಕು.

ಎರಡನೆಯ ದಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಮಕ್ಕಳು ಎಡವುತ್ತಾರೆ; ನಮ್ಮ ಒತ್ತಕ್ಷರದಲ್ಲಿ ‘ತ್ಸ’ ತಾನಾಗಿ ಬಾಯಿಗೆ ಬರುತ್ತದೆ. ಕಷ್ಟ ಕೊಡುವುದು ‘ಜ಼’. ನಮ್ಮ ಮಕ್ಕಳ ನಾಲಿಗೆ ನೇರವಾಗಿ ಜಡೆಯ ‘ಜ’ಕ್ಕೆ ಹೋಗುತ್ತದೆ, ಅಲ್ಲಿಂದ ಆ ಹುಡುಗಿಯ ಕಾಡು ಹುಟ್ಟಿಕೊಳ್ಳುತ್ತದೆ. ಹಲ್ಲಿಗೆ ಹಲ್ಲು ತಾಗಿಸಿ, ಗಂಟಲ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎನ್ನಲು ಹೇಳಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ಬಾಯಿಯನ್ನು ಹಾಗೆಯೇ ಇಟ್ಟುಕೊಂಡು ದುಂಬಿಯಂತೆ ಗುಂಯ್‌ಗುಟ್ಟಲಿ. ಗಂಟಲು ಅದುರಿತೆಂದರೆ ‘ಜ಼’ ಬಂತು. ನಾನು ಇದಕ್ಕೆಂದೇ ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ.

ಆ ಅಭ್ಯಾಸ ಮುಂದೆ ಕೈಹಿಡಿಯುತ್ತದೆ. ಹಾಡಿನ ಕೊನೆಯ ಭಾಗದಲ್ಲಿ ಕೇಪ್‌ಟೌನ್‌ನ ಫ್ರೆಶ್ಲಿಗ್ರೌಂಡ್ ತಂಡದ ಗಾಯಕಿಯಾಗಿದ್ದ ಜ಼ೋಲಾನಿ ಮಹೋಲಾ ಅವರ ದನಿ ಕೇಳಿಸುತ್ತದೆ. ಅಲ್ಲಿ ಭಾಷೆ ದಕ್ಷಿಣ ಆಫ್ರಿಕಾದ ಖೋಸಾ, ‘ಜ಼’ಗಳ ಸುರಿಮಳೆ. ‘ಜ಼ೋಂಕೆ ಜ಼ಿಜ಼್ವೆ’ ಎಂದರೆ ಎಲ್ಲ ನಾಡಿನ ಜನರು. ನಾಲಿಗೆಯಿಂದ ಟಕ್ ಎನ್ನಿಸುವ ಸದ್ದುಗಳಿಗೆ ಖೋಸಾ ಹೆಸರಾದ ಭಾಷೆ. ಈ ಸಾಲುಗಳಲ್ಲಿ ಮಾತ್ರ ಅವು ಇಲ್ಲ, ಹೆದರಬೇಡಿ. ಈ ಭಾಗವನ್ನು ಗುಂಪಿಗೆ ಕೊಡದೆ ಸ್ಪಷ್ಟ ಉಚ್ಚಾರದ ಇಬ್ಬರಿಗೇ ಕೊಡಿ. ಎಲ್ಲರೂ ಕೂಗಿದರೆ ಪದ ಕಲಸಿಹೋಗುತ್ತದೆ.

ಇಂಗ್ಲಿಷ್ ಚರಣಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ, ಅವು ಮಕ್ಕಳಿಗೆ ಆಗಲೇ ಬಂದಿರುತ್ತವೆ. ವೇಗಕ್ಕೆ ಮಾತ್ರ ಅವಸರ ಬೇಡ. ಶಕೀರಾ ಹಾಡಿನ ವೇಗ ನಿಮಿಷಕ್ಕೆ ಸುಮಾರು 127 ಬಡಿತ. ನಾನು 90ರಿಂದ ಶುರು ಮಾಡಿ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ. ‘ತ್ಸ’ ಸವೆದು ಬರೀ ‘ಸ’ ಆಯಿತೆಂದರೆ ಹಿಂದಿನ ದಿನದ ವೇಗಕ್ಕೆ ಮರಳಿ.

ವೇದಿಕೆ ಹತ್ತಿದ ಮೇಲೆ, ಹಾಡು ಶುರುವಾಗುವ ಮುನ್ನ, ಒಂದು ಮಗು ಮೈಕ್ ಮುಂದೆ ಬಂದು ಶಕೀರಾ ಹೆಸರಿನ ಜೊತೆಗೆ ಫ್ರೆಶ್ಲಿಗ್ರೌಂಡ್, ಗೋಲ್ಡನ್ ಸೌಂಡ್ಸ್ ಹೆಸರನ್ನೂ ಹೇಳಲಿ. ನಮ್ಮಲ್ಲಿ ಕಳೆದ ಸಲ ಆ ಕೆಲಸ ಮಾಡಿದವಳು, ಈಗ ಹತ್ತನೇ ತರಗತಿಯಲ್ಲಿರುವ ಅದೇ ಹುಡುಗಿ.