ಆಗುಂಬೆ ಘಾಟಿಗೆ ಹದಿಮೂರರ ಮಗ್ಗಿ

ಮೊದಲ ವರ್ಷ ನಾನು ತೀರ್ಥಹಳ್ಳಿಯಿಂದ ಉಡುಪಿಗೆ ವಾಪಸ್ ಬಂದದ್ದು ಬಸ್ಸಿನಲ್ಲಿ. ಸೈಕಲನ್ನು ಮಿನಿ ಬಸ್ಸಿನ ಟಾಪಿನ ಮೇಲೆ ಹಗ್ಗ ಹಾಕಿ ಕಟ್ಟಿದ್ದರು. ಆಗುಂಬೆಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಕಿಟಕಿಯ ಹತ್ತಿರ ಕೂತು, ಬೆಳಿಗ್ಗೆ ಎಲ್ಲೆಲ್ಲಿ ಎದ್ದು ನಿಂತು ತುಳಿದಿದ್ದೆ ಅಂತ ಒಂದೊಂದೇ ಜಾಗ ನೋಡುತ್ತಾ ಬಂದೆ. ಬೇಜಾರು ಬಹಳ ಆಗಿತ್ತು. ಆದರೆ ಉಡುಪಿ ಮುಟ್ಟುವಷ್ಟರಲ್ಲಿ ಮುಂದಿನ ವರ್ಷ ಇದನ್ನು ಮುಗಿಸಲೇಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ.

ನಾವು ಹೋಗಿದ್ದು 200 ಕಿ.ಮೀ. ದೂರದ ಸೈಕಲ್ ಸವಾರಿಗೆ, ಅಂದರೆ ಬಿಆರ್‌ಎಂಗೆ. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಬಹುಮಾನ ಇಲ್ಲ. 200 ಕಿ.ಮೀ. ಅನ್ನು ಹದಿಮೂರೂವರೆ ಗಂಟೆಯ ಒಳಗೆ ಮುಗಿಸಬೇಕು, ಅಷ್ಟೇ. ಹಿಂದೆ ಕಾರು ಬರುವ ಹಾಗಿಲ್ಲ. ಪಂಕ್ಚರ್ ಆದರೂ ಚೈನ್ ತುಂಡಾದರೂ ನಾವೇ ನೋಡಿಕೊಳ್ಳಬೇಕು. ಹೆಲ್ಮೆಟ್, ಹಿಂದೆ ಮುಂದೆ ಲೈಟು, ಹೊಳೆಯುವ ಜಾಕೆಟ್ ಬೇಕು. ನಡುವಿನ ತಪಾಸಣೆ ಜಾಗಗಳಲ್ಲಿ, ಅಂದರೆ ಕಂಟ್ರೋಲ್‌ಗಳಲ್ಲಿ ಕಾರ್ಡಿಗೆ ಸೀಲು ಹಾಕಿಸಬೇಕು. ಪ್ರತಿ ಕಂಟ್ರೋಲಿಗೂ ಮುಚ್ಚುವ ಸಮಯ ಇರುತ್ತದೆ. ಅದನ್ನು ಹೆಚ್ಚುಕಮ್ಮಿ ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಹಾಕುತ್ತಾರೆ. ನೀವು ಚಹಾ ಕುಡಿಯುತ್ತಾ ಕೂತರೂ ಗಡಿಯಾರ ನಿಲ್ಲುವುದಿಲ್ಲ.

ನಮ್ಮ ದಾರಿ ಹೀಗೆ: ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ. ಅಲ್ಲಿಂದ ಘಾಟಿ ಹತ್ತಿ ಆಗುಂಬೆ. ಮುಂದೆ ಗುಡ್ಡೇಕೇರಿ, ಮೇಗರವಳ್ಳಿ, ತೀರ್ಥಹಳ್ಳಿ ದಾಟಿ ಕುಪ್ಪಳಿ. ಅಲ್ಲಿ ತಿರುಗಿ ಅದೇ ದಾರಿಯಲ್ಲಿ ವಾಪಸ್. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ., ಅದರಲ್ಲಿ 14 ಹೇರ್‌ಪಿನ್ ತಿರುವುಗಳು. ಐನೂರು ಮೀಟರಿಗೂ ಜಾಸ್ತಿ ಏರು. ಘಾಟಿ ಮುಗಿದರೆ ಕಷ್ಟ ಮುಗಿಯಿತು ಅಂತ ನಾನು ಎಣಿಸಿದ್ದೆ. ಆದರೆ ಆಗುಂಬೆಯಿಂದ ಮುಂದೆ ಮಲೆನಾಡಿನ ರಸ್ತೆ ಸುಮ್ನೆ ಬಿಡುವುದಿಲ್ಲ. ಇಳಿದರೆ ಏರು, ಏರಿದರೆ ಇಳಿತ, ಕುಪ್ಪಳಿಯವರೆಗೂ ಅದೇ.

ಮೊದಲ ವರ್ಷ ಘಾಟಿಯನ್ನು 58 ನಿಮಿಷದಲ್ಲಿ ಹತ್ತಿದೆ. ಆರೇಳು ಮಂದಿಯನ್ನು ಹಿಂದೆ ಹಾಕಿದೆ. ಮೇಲೆ ಮುಟ್ಟಿದಾಗ ತುಂಬಾ ಖುಷಿ ಇತ್ತು. ಗುಡ್ಡೇಕೇರಿಯ ಹತ್ತಿರ ಬಲತೊಡೆ ಹಿಡಿಯಿತು. ಕೈಯಿಂದ ಮುಟ್ಟಿ ನೋಡಿದರೆ ಚರ್ಮದ ಕೆಳಗೆ ಸ್ನಾಯು ಹಗ್ಗದ ಗಂಟಿನ ಹಾಗೆ ಕಟ್ಟಿಕೊಂಡು ಒಳಗೇ ಕುಣಿಯುತ್ತಿತ್ತು. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಎದ್ದೆ, ತುಳಿದೆ, ಮತ್ತೆ ಹಿಡಿಯಿತು. ತೀರ್ಥಹಳ್ಳಿಯ ತುಂಗಾ ಸೇತುವೆಗೆ ಬಂದಾಗ ಮಧ್ಯಾಹ್ನ 12.40. ಕುಪ್ಪಳಿಯ ಕಂಟ್ರೋಲ್ ಮುಚ್ಚುವುದು 12.48ಕ್ಕೆ. ಇನ್ನೂ 15 ಕಿ.ಮೀ. ಬಾಕಿ ಇತ್ತು.

ಅವತ್ತು ಘಾಟಿಯಲ್ಲಿ ನಾನು ಹಿಂದೆ ಹಾಕಿದವರಲ್ಲಿ ನಮ್ಮ ಊರಿನ ಒಬ್ಬರು ನಿವೃತ್ತ ಮಾಷ್ಟ್ರು ಇದ್ದರು. ವಯಸ್ಸು ಅರವತ್ತೊಂದು. ಅವರು ಸಂಜೆ ಏಳು ಗಂಟೆಗೆ ಆರಾಮವಾಗಿ ಮುಗಿಸಿದ್ದರು. ವಾರ ಬಿಟ್ಟು ಅವರ ಮನೆಗೆ ಹೋಗಿ, ಹೇಗೆ ಮಾಷ್ಟ್ರೇ ಅಂತ ಕೇಳಿದೆ.

"ಘಾಟಿ ಬುಡದಲ್ಲಿ ನಿಮ್ಮ ಕಾಲಿಗೆ ಸುಸ್ತೇ ಇರುವುದಿಲ್ಲ ಮಾರಾಯ್ರೇ. ಮೋಸ ಆಗುವುದು ಅಲ್ಲೇ. ಮೊದಲ ನಾಲ್ಕು ತಿರುವಿನಲ್ಲಿ ಖರ್ಚು ಮಾಡಿದ್ದು ಮತ್ತೆ ಇಡೀ ದಿನ ವಾಪಸ್ ಸಿಗುವುದಿಲ್ಲ" ಅಂದರು. ಎಷ್ಟು ನಿಧಾನ ಹೋಗಬೇಕು ಅಂತ ಹೇಗೆ ಗೊತ್ತಾಗುವುದು ಅಂದದ್ದಕ್ಕೆ, "ಹದಿಮೂರರ ಮಗ್ಗಿ ಬರ್ತದಲ್ವಾ? ಬಾಯಿಬಿಟ್ಟು ಹೇಳಿ. ಒಂದು ಸಾಲಿನ ನಡುವೆ ಉಸಿರು ಕಟ್ಟಿದರೆ ಜಾಸ್ತಿ ಆಯ್ತು ಅಂತ ಲೆಕ್ಕ."

ಆ ವರ್ಷದ ನನ್ನ ತಯಾರಿ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿತ್ತು.

ಆದರೆ ನಿಧಾನ ಹೋಗಲಿಕ್ಕೆ ಗೇರ್ ಬೇಕು. ನನ್ನ ಸೈಕಲಿನಲ್ಲಿ ಮುಂದೆ ಪೆಡಲಿನ ಹತ್ತಿರದ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದೆ ದೊಡ್ಡದಕ್ಕೆ 28. ಘಾಟಿಯಲ್ಲಿ ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ಹೋದರೆ ಈ ಗೇರಿನಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 50 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಪ್ರತಿ ಸುತ್ತಿಗೂ ಮೊಣಕಾಲಿನಿಂದ ಒತ್ತಬೇಕು. ಹಿಂದಿನ ಕ್ಯಾಸೆಟ್ಟನ್ನು, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು, 34 ಹಲ್ಲಿನದ್ದಕ್ಕೆ ಬದಲಾಯಿಸಿದೆ. ಈಗ ಅದೇ ವೇಗಕ್ಕೆ 60 ಸುತ್ತು. ಒಂದೊಂದು ಸುತ್ತೂ ಹಗುರ. ಕ್ಯಾಸೆಟ್ ಒಂದನ್ನೇ ತಂದರೆ ಆಗುವುದಿಲ್ಲ, ಗೇರ್ ಬದಲಾಯಿಸುವಾಗ ಚೈನನ್ನು ಸರಿಸುವ ಹಿಂದಿನ ಡಿರೇಲರ್ ಉದ್ದ ಕೇಜಿನದ್ದು ಇರಬೇಕು, ಚೈನ್ ಕೂಡ ಉದ್ದ ಬೇಕು. ಮೂರೂ ಸೇರಿ ಖರ್ಚಾಯಿತು. ಹಗುರ ಚಕ್ರಕ್ಕೋ ದುಬಾರಿ ಶೂಗೋ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ ಅಂತ ನಾನು ಯಾರಿಗೂ ಧೈರ್ಯವಾಗಿ ಹೇಳುತ್ತೇನೆ.

ಅಂಗಡಿಯವರು ಆ ದಿನವೇ ಸೀಟನ್ನೂ ನೋಡಿದರು. ನನಗೆ ಎಡ ಮೊಣಕಾಲಿನ ಮುಂಭಾಗದಲ್ಲಿ ಆಗಾಗ ನೋವು ಬರುತ್ತಿತ್ತು. ಸೈಕಲ್ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತಳ್ಳಲು ಹೇಳಿದರು. ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕಿತ್ತು. ನನ್ನದು ಇನ್ನೂ ಮಡಚಿಕೊಂಡೇ ಇತ್ತು. ಸೀಟು ಒಂದು ಸೆಂಟಿಮೀಟರಿನಷ್ಟು ಮೇಲೆ ಹೋಯಿತು. ಎರಡು ವಾರದಲ್ಲಿ ನೋವು ಕಡಿಮೆಯಾಯಿತು. ಸೀಟಿನ ಕಂಬಕ್ಕೆ ಆ ಎತ್ತರದಲ್ಲಿ ಇನ್ಸುಲೇಶನ್ ಟೇಪು ಸುತ್ತಿಟ್ಟಿದ್ದೇನೆ, ಈಗಲೂ ಇದೆ.

ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಕರಾವಳಿಯಲ್ಲಿ ಅದಕ್ಕಿಂತ ಮೊದಲು ಮಳೆ ಬಿಡುವುದಿಲ್ಲ. ಬಿಆರ್‌ಎಂ ಇದ್ದದ್ದು ಜನವರಿಯಲ್ಲಿ. ವಾರದಲ್ಲಿ ಎರಡು ಬೆಳಿಗ್ಗೆ ಐದಕ್ಕೆ ಎದ್ದು ಪರ್ಕಳದ ಏರಿಗೆ ಹೋಗುತ್ತಿದ್ದೆ. ಪರ್ಕಳದಿಂದ ಈಶ್ವರನಗರ ದಾಟಿ ಮಣಿಪಾಲಕ್ಕೆ ಹತ್ತುವ ರಸ್ತೆ. ಘಾಟಿಗೆ ಹೋಲಿಸಿದರೆ ಚಿಕ್ಕದು. ಆದರೆ ಮನೆಯ ಹತ್ತಿರ ಇದೆ, ಅದೇ ದೊಡ್ಡ ವಿಷಯ. ಮೊದಲ ವಾರ ನಾಲ್ಕು ಸಲ ಹತ್ತಿ ಇಳಿದೆ. ಡಿಸೆಂಬರಿಗೆ ಅದು ಹತ್ತು ಸಲ ಆಯಿತು. ಪ್ರತಿ ಸಲವೂ ಕೂತೇ ತುಳಿಯುವುದು, ಮಗ್ಗಿ ಹೇಳುವುದು. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಶುರುವಿನಲ್ಲಿ ಹದಿಮೂರಾರ್ಲಿ ಬರುವಾಗಲೇ ದಮ್ಮು ಕಟ್ಟುತ್ತಿತ್ತು. ಆಗ ಗೇರ್ ಇಳಿಸುತ್ತಿದ್ದೆ. ಹಾಲಿನವರು, ಪೇಪರಿನವರು ಎಲ್ಲ ನನ್ನನ್ನು ಗುರುತು ಹಿಡಿದಿದ್ದರು. ಒಬ್ಬರು ದಿನಾ ಸ್ಕೂಟರ್ ನಿಧಾನ ಮಾಡಿ "ಇವತ್ತು ಎಷ್ಟನೇದು?" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು.

ಭಾನುವಾರ ಉದ್ದದ ಸವಾರಿ. 50, 70, 90. ನಾಲ್ಕನೇ ವಾರ ಮತ್ತೆ 60ಕ್ಕೆ ಇಳಿಸಿದೆ. ಆಮೇಲೆ 100, 120, 140, ಮತ್ತೆ ಒಂದು ವಾರ ಕಮ್ಮಿ. 150ಕ್ಕಿಂತ ಮೇಲೆ ತಯಾರಿಯಲ್ಲಿ ಹೋಗಲೇ ಇಲ್ಲ. ಅಷ್ಟು ಹೋದವರಿಗೆ ಉಳಿದ 50 ಆ ದಿನ ಬರುತ್ತದೆ. ಇಳಿಸಿದ ವಾರಗಳಲ್ಲಿ ಸುಮ್ನೆ ಕೂತಿರುವುದು ನನಗೆ ಕಷ್ಟವಾಗುತ್ತಿತ್ತು, ಆದರೆ ಕಾಲು ಗಟ್ಟಿಯಾದದ್ದು ಆ ವಾರಗಳಲ್ಲೇ ಅಂತ ಈಗ ಅನಿಸುತ್ತದೆ. ಮುಂದಿನ ಭಾನುವಾರ ಹತ್ತಿದರೆ ಗೊತ್ತಾಗುತ್ತಿತ್ತು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಕೆಟ್ಟದ್ದು ಹೆಚ್ಚು ಅಲ್ಲೇ.

ಒಂದು ಭಾನುವಾರ ಹೊರಡುವ ಮೊದಲು ತೂಕ ನೋಡಿದೆ, 72.4 ಕೆ.ಜಿ. ಮೂರು ಗಂಟೆ ತುಳಿದು, ಒಂದೂವರೆ ಲೀಟರ್ ನೀರು ಕುಡಿದು ಬಂದು, ಮೈ ಒರೆಸಿಕೊಂಡು ಮತ್ತೆ ನೋಡಿದರೆ 70.6. ಕುಡಿದದ್ದನ್ನೂ ಸೇರಿಸಿದರೆ ಮೂರು ಲೀಟರಿಗೂ ಮೇಲೆ ಬೆವರು ಹೋಗಿತ್ತು. ಅಂದರೆ ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ. ಕಪ್ಪು ಜೆರ್ಸಿಯ ಬೆನ್ನಿನಲ್ಲಿ ಉಪ್ಪು ಬಿಳಿ ಗೆರೆಗಳಾಗಿ ಒಣಗಿ ನಿಂತಿತ್ತು. ಹೆಂಡತಿ ಅದನ್ನು ಉಗುರಿನಿಂದ ಕೆರೆದು ತೋರಿಸಿ, "ನೋಡಿ, ಇಷ್ಟು ಉಪ್ಪು ಹೋದ ಮೇಲೆ ಬರೀ ನೀರು ಕುಡಿದರೆ ಹೇಗೆ ಸಾಕಾಗ್ತದೆ?" ಅಂದಳು. ಹಿಂದಿನ ವರ್ಷ ನಾನು ಮಾಡಿದ್ದು ಅದೇ, ಬರೀ ನೀರು ಮತ್ತು ಎರಡು ಬಾಳೆಹಣ್ಣು. ತೊಡೆ ಹಿಡಿದದ್ದು ಉಪ್ಪಿನಿಂದಲೇ ಅಂತ ನಾನು ಹೇಳುವುದಿಲ್ಲ. ಶಕ್ತಿ ಮೀರಿ ತುಳಿದದ್ದೂ ಕಾರಣ. ಆದರೆ ಎರಡನ್ನೂ ಒಟ್ಟಿಗೆ ಸರಿ ಮಾಡಿಕೊಂಡ ಮೇಲೆ ಮತ್ತೆ ಹಿಡಿದಿಲ್ಲ.

ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್, ಇನ್ನೊಂದಕ್ಕೆ ಬರೀ ನೀರು. ಪ್ರತಿ ಗಂಟೆಗೆ ಸುಮಾರು ಐವತ್ತು ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು ಅಂತ ಲೆಕ್ಕ ಇಟ್ಟುಕೊಂಡೆ. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಉಳಿದದ್ದಕ್ಕೆ ಕಡ್ಲೆ ಚಿಕ್ಕಿ, ಖರ್ಜೂರ. ಸಿಹಿ ತಿಂದು ತಿಂದು ಬಾಯಿ ಕೆಟ್ಟಾಗ ಉಪ್ಪು ಹಾಕಿದ ಬೇಯಿಸಿದ ಬಟಾಟೆ ಬಹಳ ರುಚಿ. ಮೊಬೈಲಿನಲ್ಲಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ಅಲಾರಂ ಇಟ್ಟೆ. ಹಸಿವಾಗಲಿ ಬಿಡಲಿ, ಅದು ಕೂಗಿದರೆ ಒಂದು ತುತ್ತು. ಹಸಿವಾದ ಮೇಲೆ ತಿಂದರೆ ಅದು ಕಾಲಿಗೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಇದನ್ನೆಲ್ಲ ಭಾನುವಾರಗಳಲ್ಲೇ ತಿಂದು ಅಭ್ಯಾಸ ಮಾಡಿದ್ದೆ. ಹೊಟ್ಟೆಗೂ ತರಬೇತಿ ಬೇಕು, ಅಲ್ವಾ?

ಡಿಸೆಂಬರಿನಲ್ಲಿ ಎರಡು ಸಲ ಆಗುಂಬೆಗೆ ಹೋಗಿ ಬಂದೆ. ಹತ್ತುವುದಕ್ಕಿಂತ ಇಳಿಯುವುದನ್ನು ಕಲಿಯಲಿಕ್ಕೆ. ತಿರುವಿನ ಒಳಗೆ ಬ್ರೇಕ್ ಹಿಡಿಯಬಾರದು, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಬಂದರೆ ರಿಮ್ ಕಾಯುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ನೋಟ ತಿರುವಿನ ಆಚೆಗೆ ಇರಬೇಕು, ಹೊರಗಿನ ಕಾಲು ಕೆಳಗೆ. ಕಾಡಿನ ನೆರಳಿನಲ್ಲಿ ರಸ್ತೆ ಎಷ್ಟೋ ಕಡೆ ಒದ್ದೆ ಇರುತ್ತದೆ, ಕಟ್ಟೆಯ ಮೇಲೆ ಮಂಗಗಳು ಕೂತಿರುತ್ತವೆ, ಯಾವ ಕ್ಷಣದಲ್ಲಿ ರಸ್ತೆಗೆ ಹಾರುತ್ತವೋ ಗೊತ್ತಿಲ್ಲ. ಎರಡನೇ ಸಲ ಬಂದ ಮೇಲೆ ಬ್ರೇಕ್ ಶೂ ಹೊಸದು ಹಾಕಿಸಿದೆ.

ಕೊನೆಯ ವಾರ ಬಹಳ ಕಡಿಮೆ ತುಳಿದೆ. ಬೇಗ ಮಲಗಿದೆ. ಟ್ಯೂಬು, ಲಿವರ್, ಪಂಪು, ಚೈನ್ ಲಿಂಕ್ ಎಲ್ಲ ಶುಕ್ರವಾರವೇ ಕಟ್ಟಿಟ್ಟೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಹೆಬ್ರಿಗೆ 7.45. ಸೋಮೇಶ್ವರದಲ್ಲಿ ಬಾಟಲಿ ತುಂಬಿಸಿ 8.25ಕ್ಕೆ ಘಾಟಿ ಹಿಡಿದೆ. ಎರಡನೇ ತಿರುವಿನಲ್ಲೇ ನಾಲ್ಕು ಹುಡುಗರು ಎದ್ದು ನಿಂತು ತುಳಿಯುತ್ತಾ ನನ್ನನ್ನು ದಾಟಿ ಹೋದರು. ಕಾಲು "ಹೋಗು" ಅಂತಿತ್ತು. ನಾನು ಹದಿಮೂರೊಂದ್ಲಿಯಿಂದ ಶುರು ಮಾಡಿದೆ. ಕಾಡು ಆ ಹೊತ್ತಿನಲ್ಲಿ ತಣ್ಣಗೆ ಇತ್ತು. ಹೆಲ್ಮೆಟ್ಟಿನ ಪಟ್ಟಿಯಿಂದ ಬೆವರು ಹನಿ ಹನಿಯಾಗಿ ಹ್ಯಾಂಡಲ್ ಮೇಲೆ ಬೀಳುವುದೂ ಕೇಳುತ್ತಿತ್ತು. ಹತ್ತನೇ ತಿರುವಿನ ಮೇಲೆ ಆ ನಾಲ್ವರಲ್ಲಿ ಇಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಒಬ್ಬನಿಗೆ ನನ್ನ ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಮುಂದೆ ಹೋದೆ. ಘಾಟಿ ಹತ್ತಲು ತಗೊಂಡದ್ದು 1 ಗಂಟೆ 17 ನಿಮಿಷ. ಹಿಂದಿನ ವರ್ಷಕ್ಕಿಂತ 19 ನಿಮಿಷ ಜಾಸ್ತಿ.

ತೀರ್ಥಹಳ್ಳಿ ಸೇತುವೆಗೆ 11.25ಕ್ಕೆ ಬಂದೆ. ಕುಪ್ಪಳಿಗೆ 12.18. ಕಂಟ್ರೋಲ್ ಮುಚ್ಚಲು ಅರ್ಧ ಗಂಟೆ ಉಳಿದಿತ್ತು. ಕಾರ್ಡಿನ ಆ ಚೌಕದಲ್ಲಿ ಸೀಲು ಬಿದ್ದಾಗ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮರದ ನೆರಳಿನಲ್ಲಿ ಕೂತು ಬಟಾಟೆ ತಿಂದೆ.

ವಾಪಸ್ ಬರುವಾಗ ಮೇಗರವಳ್ಳಿಯ ಏರಿಳಿತಗಳು ಕಾಡಿದವು, ಆದರೆ ಕಾಲು ಹಿಡಿಯಲಿಲ್ಲ. ಆಗುಂಬೆಯಲ್ಲಿ ಒಂದು ಚಹಾ ಕುಡಿದು ಜಾಗ್ರತೆಯಿಂದ ಇಳಿದೆ. ಹೆಬ್ರಿಯಲ್ಲಿ ಬೊಂಡ ಕುಡಿದೆ. ಕೆಳಗೆ ಕರಾವಳಿಯ ಸೆಕೆ ಮುಖಕ್ಕೆ ಹೊಡೆಯಿತು. ಪೆರ್ಡೂರು ದಾಟುವಾಗ ಲೈಟು ಹಾಕಿದೆ. ಪರ್ಕಳಕ್ಕೆ ಬಂದಾಗ 6.20, ಬೆಳಕು ಇಳಿಯುತ್ತಿತ್ತು.

ಆಮೇಲೆ ಇದ್ದದ್ದು ಅದೇ ಏರು. ನಾಲ್ಕು ತಿಂಗಳು ಬೆಳಿಗ್ಗೆ ಐದಕ್ಕೆ ಹತ್ತಿದ್ದನ್ನು ಈಗ 195 ಕಿ.ಮೀ. ತುಳಿದ ಕಾಲಿನಲ್ಲಿ ಹತ್ತಬೇಕಿತ್ತು. ಎಲ್ಲಿ ಗುಂಡಿ, ಎಲ್ಲಿ ಸ್ವಲ್ಪ ಸಪಾಟು, ಯಾವ ಗೇಟಿನ ಎದುರು ಗೇರ್ ಇಳಿಸಬೇಕು, ಎಲ್ಲ ಗೊತ್ತಿತ್ತು. ಗಟ್ಟಿಯಾಗಿ ಮಗ್ಗಿ ಹೇಳುತ್ತಾ ಹತ್ತಿದೆ. ಹದಿಮೂರ್ಹತ್ಲಿ ನೂರಮೂವತ್ತು ಅಂತ ಎಷ್ಟನೇ ಸಲವೋ ಹೇಳುವಾಗ ಮಣಿಪಾಲದ ದೀಪಗಳು ಕಂಡವು.

6.50ಕ್ಕೆ ಕಾರ್ಡಿಗೆ ಕೊನೆಯ ಸೀಲು ಬಿತ್ತು. ಇಪ್ಪತ್ತು ನಿಮಿಷ ಬಿಟ್ಟು ಮಾಷ್ಟ್ರು ಬಂದರು. ಸೈಕಲ್ ಗೋಡೆಗೆ ಒರಗಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದರು, "ಘಾಟಿ ಎಷ್ಟಾಯ್ತು?"

"ಒಂದು ಗಂಟೆ ಹದಿನೇಳು ನಿಮಿಷ, ಮಾಷ್ಟ್ರೇ."

"ನನ್ನದು ಒಂದೂವರೆ. ಮುಂದಿನ ತಿಂಗಳು 300 ಉಂಟು, ಚಾರ್ಮಾಡಿ ಮೇಲೆ. ಬರ್ತೀರಲ್ವಾ?"

ಹೆಸರು ಕೊಟ್ಟಿದ್ದೇನೆ.